ಶುಕ್ರವಾರ ಸಾಯುವ ಭಾವ

ದೋಹಾದಲ್ಲಿದ್ದ ಕೊನೆಯ ವರ್ಷ ನಮ್ಮ ಭಾವ ಪ್ರತಿ ಶುಕ್ರವಾರ ಸಾಯುತ್ತಿದ್ದರು. ತಮಾಷೆಯಲ್ಲ! ತಿಂಡಿ ಮುಗಿಸಿ, ಕೈ ಒರೆಸಿಕೊಂಡು, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ತಮ್ಮ ಫ್ಲಾಟಿನ ಸೋಫಾದ ಮೇಲೆ ಉದ್ದಕ್ಕೆ ಮಲಗಿ, "ನಾನು ಹೋದೆ" ಎಂದು ಕಣ್ಣು ಮುಚ್ಚುವರು. ಆಮೇಲೆ ನಮ್ಮ ಅಕ್ಕ ವಿಧವೆಯಾಗುವುದನ್ನು ಅಭ್ಯಾಸ ಮಾಡಬೇಕು. ದೋಹಾದ ಇನ್ನೊಂದು ಮೂಲೆಯ ಐನ್ ಖಾಲಿದಿನಿಂದ ನಾನು ರಜೆಯ ದಿನ ಕಾರು ಓಡಿಸಿಕೊಂಡು ಬರುತ್ತಿದ್ದುದು ಈ ಘನಕಾರ್ಯಕ್ಕೆ.

ಭಾವ ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರ್. ಜೀವಮಾನವಿಡೀ ಇಲ್ಲದ ಬೆಂಕಿಗೆ ಗಂಟೆ ಬಾರಿಸಿ ಜನರನ್ನು ಬಿಸಿಲಿಗೆ ಓಡಿಸಿದವರು. ನಿವೃತ್ತಿ ಹತ್ತಿರ ಬಂತು, ಗ್ರಾಚ್ಯುಟಿ ಸಿಗುವುದಿತ್ತು. ಉಳಿದವರು ಆ ಹಣದಲ್ಲಿ ಮಂಗಳೂರಲ್ಲಿ ಫ್ಲಾಟ್ ನೋಡಿದರೆ ಇವರು ತಮ್ಮ ಸಾವನ್ನು ನೋಡಿದರು. ಇಲ್ಲಿ ಗಂಡ ಸತ್ತರೆ ಬ್ಯಾಂಕಿನವರು ಖಾತೆಗೆ ಬೀಗ ಹಾಕುತ್ತಾರೆ. ಕೋರ್ಟಿನ ಕಾಗದ ಬರುವವರೆಗೆ ಹೆಂಡತಿಗೆ ಕಾಸೂ ಇಲ್ಲ. ಹಾಗಾಗಿ ಅಕ್ಕನಿಗೆ ಎಲ್ಲ ಗೊತ್ತಿರಬೇಕು, ಸರಿ. ಅದಕ್ಕೆ ಸಾಯಬೇಕೇ?

"ಬಾಯಲ್ಲಿ ಹೇಳಿದ್ರೆ ಸಾಲದಾ ಭಾವ?"

"ಫೈರ್ ಡ್ರಿಲ್ ಬಾಯಲ್ಲಿ ಮಾಡ್ತಾರಾ ಮಾರಾಯ?"

ನನಗೆ ಬ್ಯಾಂಕ್ ಮ್ಯಾನೇಜರನ ಪಾರ್ಟು. ಅಕ್ಕ ಒಳಗಿನ ಕೋಣೆಯಿಂದ ಫೋನ್ ಮಾಡಿದರೆ, "ಹೇಳಿ ಮೇಡಂ" ಎಂದೆ. ಹೆಣ ಸೋಫಾದಿಂದಲೇ ಬೈಯಿತು: "ಇಷ್ಟು ಮರ್ಯಾದೆ ಯಾರು ಕೊಡ್ತಾರೆ? ಜೋರು ಮಾಡು." ನಾನು, "ಮಾಫಿ ಫುಲೂಸ್! ಹಣ ಇಲ್ಲ, ನಾಳೆ ಬನ್ನಿ" ಎಂದು ಗದರಿದೆ. ಹೆಣಕ್ಕೆ ಬಹಳ ಸಂತೋಷವಾಗಿ ಚಹಾ ಕೇಳಿತು.

ಒಂದು ಶುಕ್ರವಾರ ಪಕ್ಕದ ಮನೆಯ ಮಲಯಾಳಿ ಚೇಚಿ ಪಾತ್ರೆ ವಾಪಸು ಕೊಡಲು ಬಂದವರು, ಬಿಳಿ ಹೊದಿಕೆಯಡಿ ಭಾವನನ್ನೂ, "ಇವರು ಹೋಗಿಬಿಟ್ರು" ಎಂದು ಫೋನಿನಲ್ಲಿ ಹೇಳುತ್ತಿದ್ದ ಅಕ್ಕನನ್ನೂ ಕಂಡು ಕಿರುಚಿದರು. ಭಾವ ಎದ್ದು ಕೂತು, "ಬನ್ನಿ, ಕೂತ್ಕೊಳ್ಳಿ" ಎಂದರು. ಆಕೆ ಕೂರಲಿಲ್ಲ. ಆಮೇಲೆ ಯಾವತ್ತೂ ಪಾತ್ರೆ ಕೇಳಿಕೊಂಡು ಬರಲಿಲ್ಲ.

ಇನ್ನೊಂದು ಸಾವಿನ ನಡುವೆ, ಕಣ್ಣು ಮುಚ್ಚಿಕೊಂಡೇ, ಗ್ರಾಚ್ಯುಟಿಯಲ್ಲಿ ಮೂರರಲ್ಲೊಂದು ಪಾಲು ದಾನ ಎಂದು ಘೋಷಿಸಿದರು. ಇಲ್ಲಿ ಹಾಗೆ ಗಂಡ ಸತ್ತು ಖಾತೆ ಮುಚ್ಚಿಹೋದ ಹೆಂಗಸರ ಕೈಖರ್ಚಿಗಂತೆ! ಸೂಕ್ ವಾಕಿಫ್ ಮಾರುಕಟ್ಟೆಯಲ್ಲಿ ತಾನು ಕೊಳ್ಳದ ಕಾರ್ಪೆಟ್ಟಿಗೂ ಚೌಕಾಸಿ ಮಾಡುವ ಮನುಷ್ಯ!

"ಊರಿನ ದೇವಸ್ಥಾನಕ್ಕೆ ಕೊಡಿ ಭಾವ, ಗೋಡೆಯಲ್ಲಿ ಹೆಸರಾದ್ರೂ ಬರ್ತದೆ."

"ಸತ್ತವನಿಗೆ ಹೆಸರು ಎಂತಕ್ಕೆ?"

"ಸತ್ತವರು ಇಷ್ಟು ಮಾತಾಡುವುದಿಲ್ಲ."

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಭಾವನ ಕಂಪೆನಿಯ ಸ್ಟೋರ್‌ಕೀಪರ್ ನಿದ್ದೆಯಲ್ಲೇ ತೀರಿಕೊಂಡಿದ್ದನಂತೆ. ಮರುದಿನ ಅವನ ಹೆಂಡತಿ ಮಗುವಿನ ಹಾಲಿಗೆಂದು ಎಟಿಎಂಗೆ ಹೋದರೆ ಹಣ ಬರಲಿಲ್ಲ. ಕಾರ್ಡನ್ನು ಮತ್ತೆ ಮತ್ತೆ ಹಾಕುತ್ತಿದ್ದಳು. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಮ್ಮ ಭಾವ. ಆ ದಿನ ಮನೆಗೆ ಬಂದು ಅವರು ಊಟ ಮಾಡಲಿಲ್ಲವಂತೆ. ನಾನು ಮತ್ತೆ ದೇವಸ್ಥಾನದ ಸುದ್ದಿ ಎತ್ತಲಿಲ್ಲ.

ಅಕ್ಕ ಬರಬರುತ್ತ ಪಕ್ಕಾ ಆದಳು. ನನ್ನಂಥ ಮ್ಯಾನೇಜರನನ್ನೂ ನಡುಗಿಸಿಬಿಡುವಷ್ಟು. ಆದರೆ ಊರಿಗೆ ಹೊರಡುವ ಮೊದಲಿನ ಶುಕ್ರವಾರ ಭಾವ ಎಂದಿನಂತೆ ಸತ್ತರೂ ಅವಳು ಫೋನ್ ಎತ್ತಲಿಲ್ಲ. ಸೋಫಾದ ಪಕ್ಕ ನೆಲದ ಮೇಲೆ ಕೂತಳು.

"ಬ್ಯಾಂಕಿಗೆ ಮಾಡು," ಭಾವ ಪಿಸುಗುಟ್ಟಿದರು.

"ಸುಮ್ಮನಿರಿ ಸ್ವಲ್ಪ," ಎಂದಳು ಅಕ್ಕ. "ಯಾರಿಗೆ ಫೋನ್ ಮಾಡ್ಬೇಕು, ಎಂತ ಕೇಳ್ಬೇಕು, ಎಲ್ಲ ಕಲ್ಸಿದ್ರಿ. ನಾನು ಅಳುವುದು ಯಾವಾಗ? ಅದನ್ನು ಹೇಳ್ಲೇ ಇಲ್ಲ ನೀವು."

ಭಾವ ಕಣ್ಣು ಬಿಟ್ಟರು. ಎದ್ದು, ಅವಳ ಪಕ್ಕ ನೆಲಕ್ಕಿಳಿದು ಕೂತು, ಕೈ ಹಿಡಿದುಕೊಂಡರು. ನನ್ನೆದುರು ಅವರು ಹಾಗೆ ಮಾಡಿದ್ದು ಅದೇ ಮೊದಲು.

"ಆ ಸ್ಟೋರ್‌ಕೀಪರನ ಹೆಂಡ್ತಿಗೆ ಅಳ್ಲಿಕ್ಕೆ ಸಹ ಪುರುಸೊತ್ತಿರ್ಲಿಲ್ಲ," ಎಂದರು. "ನೀನು ಬೇಕಾದಷ್ಟು ಅಳು. ಅದಕ್ಕೇ ಮಾರಾಯ್ತಿ ಇದೆಲ್ಲ."