ನಲವತ್ತು ಪರ್ಸೆಂಟು

ಗಂಡನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೇ ಅನುಸೂಯಾಳ ತಪ್ಪಾಯಿತು. ಸಂಡೂರಿನ ಆ ಓಣಿಯಲ್ಲಿ ಪಕ್ಕದ ಮನೆ ಸಂಗಮ್ಮನ ಒಪ್ಪಿಗೆಯಿಲ್ಲದೆ ಯಾರ ಕೆಲಸವೂ ಮುಂದೆ ಹೋಗುವುದಿಲ್ಲ. ಬಂದವಳೇ ಮಾರುತೇಶನ ತಲೆಯನ್ನು ಎರಡೂ ಕೈಯಿಂದ ಕೆದರಿಬಿಟ್ಟಳು.

"ಮದಿವಿಗೆ ಹೊಂಟಾನೇನು? ಡಾಕ್ಟರು ನೋಡಿದ ಕೂಡ್ಲೆ ಅಯ್ಯೋ ಅನ್ನಬೇಕು."

ಮಾರುತೇಶ ಸುಮ್ಮನೆ ತಲೆ ಕೊಟ್ಟು ಕೂತಿದ್ದ. ದೋಣಿಮಲೈ ಗಣಿಯಲ್ಲಿ ಬಸ್ಸು ಓಡಿಸುತ್ತಿದ್ದವನು ಮೂರು ವರ್ಷದ ಹಿಂದೆ ಒಂದು ದಿನ ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಕೂತ. ಮನೋರೋಗ ಎಂದರು, ಗುಳಿಗೆ ಕೊಟ್ಟರು. ಅಂದಿನಿಂದ ಮಾತಿಲ್ಲ. ಅನುಸೂಯಾ ಹೋಟೆಲಿಗೆ ಪಾತ್ರೆ ತೊಳೆಯಲು ಹೋಗುವಾಗ ಅವನನ್ನು ಒಳಗಿಟ್ಟು ಬೀಗ ಹಾಕಬೇಕು. ಹಾಕಿದ ಮೇಲೂ ಕಿಟಕಿಯಲ್ಲಿ ಒಮ್ಮೆ ಇಣುಕಿ ನೋಡಿಯೇ ಹೋಗುತ್ತಿದ್ದಳು. ಹೊಸಪೇಟೆಯ ಡಾಕ್ಟರು ನೂರಕ್ಕೆ ನಲವತ್ತಾದರೂ ವೈಕಲ್ಯ ಎಂದು ಬರೆದುಕೊಟ್ಟರೆ ಅಂಗವಿಕಲರ ಮಾಸಾಶನ ಬರುತ್ತದೆ, ಅವಳು ಮನೆಯಲ್ಲೇ ಇರಬಹುದು.

ಸಂಗಮ್ಮ ಬಸ್ಸಿಗೂ ಹತ್ತಿದಳು. ದಾರಿಯುದ್ದಕ್ಕೂ ಪಾಠ. ಡಾಕ್ಟರು ಕೂರು ಅಂದರೆ ನಿಲ್ಲಬೇಕು, ನಿಲ್ಲು ಅಂದರೆ ಕೂರಬೇಕು ಎಂದು ಕಂಡಕ್ಟರನೂ ಸೇರಿಸಿದ. ಹಿಂದಿನ ಸೀಟಿನವರು ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿಸಿದರು. ಮದುಮಗನಿಗೂ ಇಷ್ಟು ಜನ ಸಿಂಗಾರ ಮಾಡಿರಲಿಕ್ಕಿಲ್ಲ.

ಡಾಕ್ಟರ ಮುಂದೆ ಸಂಗಮ್ಮನೇ ಬಾಯಿ ತೆರೆದಳು. ಇವನು ಕಂಡವರಿಗೆ ಕಲ್ಲು ಹೊಡೆಯುತ್ತಾನೆ, ಮಣ್ಣು ತಿನ್ನುತ್ತಾನೆ, ರಾತ್ರಿ ದರೋಜಿ ಕರಡಿಯ ಹಾಗೆ ಕೂಗುತ್ತಾನೆ. ಡಾಕ್ಟರು ಪೆನ್ನು ಕೆಳಗಿಟ್ಟು, ಹೌದೇನಮ್ಮ ಎಂದು ಅನುಸೂಯಾಳನ್ನು ಕೇಳಿದರು. ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ರಿ ಸಾಹೇಬ್ರ. ಒಂದು ಇರುವಿಗೂ ತ್ರಾಸ ಕೊಟ್ಟೋರಲ್ಲ. ಮೂರು ವರ್ಷ ಆತು, ಒಮ್ಮೆನೂ ನನ್ನ ಹೆಸರು ಹಿಡಿದು ಕರದಿಲ್ಲ."

ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಡಾಕ್ಟರ ಮನಸ್ಸು ಕರಗಿತು. ಪೆನ್ನು ಎತ್ತಿಕೊಂಡರು. ಇನ್ನೇನು ಬರೆಯಬೇಕು ಎನ್ನುವಷ್ಟರಲ್ಲಿ ಮಾರುತೇಶ ಹೆಂಡತಿಯ ಕೈ ಹಿಡಿದುಕೊಂಡ.

"ಅನುಸೂಯಾ, ಅಳಬ್ಯಾಡ. ನಾ ಅದೀನಿ."

ಡಾಕ್ಟರಿಗೆ ಬಹಳ ಸಂತೋಷವಾಯಿತು. ಗುರುತು ಹಿಡಿಯುತ್ತಾರೆ, ಮಾತಾಡುತ್ತಾರೆ, ಸಮಾಧಾನವನ್ನೂ ಹೇಳುತ್ತಾರೆ, ಗುಳಿಗೆ ಚೆನ್ನಾಗಿ ಹಿಡಿಸಿದೆ ಎಂದು ಮೂವತ್ತು ಬರೆದು ಸಹಿ ಹಾಕಿದರು.

ಹೊರಗೆ ಬಂದು ಸಂಗಮ್ಮ ಹಣೆ ಚಚ್ಚಿಕೊಂಡಳು. ಅನುಸೂಯಾಳಿಗೆ ಅದರ ಪರಿವೆಯೇ ಇರಲಿಲ್ಲ. ಪರ್ಸೆಂಟು ಹೋದರೆ ಹೋಗಲಿ, ಮನುಷ್ಯ ತಿರುಗಿ ಬಂದನಲ್ಲ. ಬಸ್ಸಿನಲ್ಲಿ ಅವನಿಗೆ ಒತ್ತಿಕೊಂಡು ಕೂತಳು.

"ಆಗ ಏನಂದ್ರಿ? ಇನ್ನೊಮ್ಮೆ ಅನ್ರಿ," ಎಂದು ಮೆಲ್ಲಗೆ ಕೇಳಿದಳು.

ಮಾರುತೇಶ ಕಿಟಕಿಗೆ ಮುಖ ಮಾಡಿ ಕೂತಿದ್ದ. ಸಂಡೂರು ಬರುವವರೆಗೂ ಅವಳು ಕೇಳುತ್ತಲೇ ಇದ್ದಳು. ಅವನು ಮತ್ತೆ ಬಾಯಿ ತೆರೆಯಲಿಲ್ಲ.