ಒಗೆದಷ್ಟೂ ಕರ್ರಗಾಗುವ ಅರಿವೆ

ನಿಜಾಮರ ಕಾಲದಲ್ಲಿ ಕಲಬುರಗಿಯ ಒಂದು ದವಾಖಾನೆಯಲ್ಲಿ ನಾನು ಕಾಂಪೌಂಡರ್. ಹೈದರಾಬಾದಿನಿಂದ ಸೊಲ್ಲಾಪುರದವರೆಗೆ ನನ್ನಂಥ ಕಾಂಪೌಂಡರ್ ಇರಲಿಲ್ಲ. ಬೇರೆ ಯಾರೂ ಹೇಳುವುದಿಲ್ಲವೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಗಳಿಗೆ ಕಾಲು ಚಾಚಿ ಕೂತರೆ ಸಾಕು, ಊರಿನ ಯಾವುದಾದರೂ ಫಜೀತಿ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು.

೧. ಅರಿವೆಗೆ ದವಾ

ಒಂದು ಮುಂಜಾನೆ ಅಗಸ ಬಂದು, ಕೂಸಿಗೆ ಹಾಸುವ ಅರಿವೆಗಳ ಗಂಟು ಬಿಚ್ಚಿದ. ಅರಿವೆ ತುಂಬ ಕಪ್ಪು ಕಲೆಗಳು.

"ಇವಕ್ಕೊಂದು ದವಾ ಕೊಡ್ರಿ. ಕೂಸು ಉಚ್ಚಿ ಹೊಯ್ದದ್ದು. ಸವಳು ಮಣ್ಣು ಹಚ್ಚಿ ಒಗದಷ್ಟೂ ಕರ್ರಗ ಆಗಲತ್ತಾವ."

"ಅರಿವಿಗೆ ದವಾ ಕೇಳ್ತಿಯಲ್ಲೋ, ಕೂಸಿಗಿ ಏನಾಗ್ಯಾದ?"

"ಕೂಸು ಗುಂಡಕಲ್ಲಿನಂಗ ಅದ್ರಿ. ಅದರ ಅಜ್ಜಿ ತನ್ನ ಅಣ್ಣನ ಮಗಳನ್ನೇ ಸೊಸಿ ಮಾಡ್ಕೊಂಡಾಳ. ಈಗ ಆ ಸೊಸಿನೇ ತೌರೂರು ಕಮಲಾಪುರದಿಂದ ಭಾನಾಮತಿ ಮಾಟ ತಂದಾಳಂತ ಹೇಳಿ, ಅಜ್ಜಿ ತಾಯಿ-ಕೂಸು ಇಬ್ಬರನ್ನೂ ಇವತ್ತೇ ತೌರಿಗಿ ಬಿಟ್ಟು ಬರ್ತಾಳಂತ. ಜಡ್ಡು ಆದದ್ದು ಅಜ್ಜಿಗಿರಿ."

೨. ನನ್ನ ರುಮಾಲು

ಓಡಿದೆ. ಕೂಸಿನ ಮನೆಗೆ ಹೋಗಿ ಶೀಶೆ ಹಿಡಿದು ಅದರ ಮುಂದೆ ಕೂತೆ. ಹೊಯ್ದದ್ದು ಅರ್ಧ ಶೀಶೆಗೆ, ಅರ್ಧ ನನ್ನ ಅಂಗಿಗೆ. ಮತ್ತೆ ದವಾಖಾನೆಗೆ ಓಡಿದೆ. ಡಾಕ್ಟರ್ ಸಾಹೇಬರು ಶೀಶೆಗೆ ಸವಳಿನ ನೀರು ಹನಿಸಿದರು. ಕಾಡಿಗೆಯಂತೆ ಕಪ್ಪಾಯಿತು.

"ಭಾನಾಮತಿ ಅಲ್ಲ. ಊಟದಾಗಿನ ಒಂದು ಅಂಶ ಈ ಕೂಸಿನ ಮೈಯಾಗ ಪೂರಾ ಕರಗಂಗಿಲ್ಲ, ಉಚ್ಚಿಯಾಗ ಹೊರಗ ಬರ್ತದ. ಗಾಳಿ, ಸವಳು ತಾಕಿದ್ರ ಕಪ್ಪಾಗ್ತದ. ಹುಟ್ಟಿನಿಂದಲೇ ಬಂದದ್ದು, ಅದೂ ತಾಯಿ-ತಂದಿ ಎರಡೂ ಕಡಿಂದ, ಅವರಿಗಿ ಕಾಣಸಲಾರದೆನೂ ಇರ್ತದ."

ಹೇಳಲು ಹೋದರೆ ಅಜ್ಜಿ, ಸೊಸೆ, ಕೂಸಿನ ಗಾಡಿ ಹೊರಟೇ ಹೋಗಿತ್ತು. ಯಾರದೋ ಕುದುರೆ ಹತ್ತಿದೆ. ಎಂಥಾ ಓಟವೆಂದರೆ, ನಾನು ಕಮಲಾಪುರ ಮುಟ್ಟಿದ್ದು ಅವತ್ತು, ನನ್ನ ರುಮಾಲು ಮುಟ್ಟಿದ್ದು ಮರುದಿನ.

೩. ಎರಡು ಗ್ಲಾಸು

ಗಾಡಿ ಆಗಷ್ಟೇ ಸೊಸೆಯ ತೌರಿನ ಬಾಗಿಲಲ್ಲಿ ನಿಂತಿತ್ತು. ಸಾಹೇಬರ ಮಾತು ಒದರಿದೆ.

"ನನ್ನ ಕಡಿಂದ? ಸಾಧ್ಯನೇ ಇಲ್ಲ," ಎಂದಳು ಅತ್ತೆ. "ಇಕೀದು ನೋಡು."

ಸೊಸೆ ಕೂಸನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಅಂದಳು: "ನೋಡ್ಲಿ. ಅತ್ತಿ, ನಿಮ್ಮದೂ ನೋಡ್ಲಿ."

"ನನಗೇನು ಹೆದರಿಕಿ?"

ಒಬ್ಬರಾದ ಮೇಲೊಬ್ಬರು ಹಿತ್ತಲಿಗೆ ಹೋಗಿ ಗ್ಲಾಸು ತುಂಬಿಕೊಂಡು ಬಂದರು. ಸಂಗಡ ತಂದಿದ್ದ ಸವಳಿನ ನೀರು ಹಾಕಿದೆ. ಸೊಸೆಯದು ಇದ್ದಂತೆಯೇ ಇತ್ತು. ಅತ್ತೆಯದು ಕಂದಾಯಿತು, ನೋಡನೋಡುತ್ತ ಕಾಡಿಗೆಯಾಯಿತು. ಅವಳ ಅಣ್ಣ, ಸೊಸೆಯ ಅಪ್ಪ, ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ. ನಾನು ಕುದುರೆಯ ಕಡೆ ಸರಿದೆ.

ಅತ್ತೆ ಗ್ಲಾಸನ್ನು ಬಿಸಿಲಿಗೆ ಹಿಡಿದು, ಆಚೀಚೆ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ನನ್ನ ಕೈಗಿಟ್ಟು, ಸೊಸೆಯಿಂದ ಕೂಸನ್ನು ಎತ್ತಿಕೊಂಡು ಗಾಡಿಯವನಿಗೆ ಹೇಳಿದಳು:

"ಎತ್ತು ಬಿಚ್ಚಬ್ಯಾಡೋ, ಗಾಡಿ ತಿರುಗಸು. ಕೂಸು ಥೇಟ್ ನನ್ನಂಗೇ ಹುಟ್ಯಾದ. ಇಂಥಾದ್ದನ್ನ ಯಾರರ ತೌರಿನಾಗ ಬಿಡ್ತಾರೇನು?"