ಮಂಗಳವಾರದ ತನಕ ಸತ್ತಿರಿ

ಗುಡುಂ ಎಂದು ಸರೋವರದ ಮೇಲಿನ ಮಂಜುಗಡ್ಡೆಯ ಹೆಪ್ಪು ಬಿರಿಯಿತು. ಚಳಿ ಏರಿದ ದಿನಗಳಲ್ಲಿ ಅದು ಹೀಗೆಯೇ. ನೆಲದಡಿಯಲ್ಲಿ ಯಾರೋ ಭಾರವಾದ ಮಂಚವನ್ನು ಎಳೆದಂತೆ ಕೇಳಿಸುತ್ತದೆ. ದಡದ ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ಥೋರಾ ಲಿಂಡ್ವಿಕ್‌ಗೆ ಆ ಸದ್ದು ಹಳೆಯ ಸಂಗಾತಿ. ಆದರೆ ಈ ಹೊತ್ತು ಅವಳ ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಹೆಪ್ಪಿಗಿಂತ ಜೋರಾಗಿದ್ದರು. ಒಬ್ಬಳ ಕೈಯಲ್ಲಿ ಟವೆಲು ಸುತ್ತಿದ ಬಿಸಿ ಪಾತ್ರೆ. ಇನ್ನೊಬ್ಬಳ ಕೈಯಲ್ಲಿ ಸಂತಾಪದ ಕಾರ್ಡು.

ಮಾರ್ಲಿಸ್: ಇಲ್ಲ ಕಣ್ರೀ, ನೀವು ಸತ್ತಿದ್ದೀರಿ. ನಮ್ಗೆ ಚೆನ್ನಾಗಿ ಗೊತ್ತು.

ಥೋರಾ: ನನಗೆ ಯಾರೂ ಹೇಳ್ಲೇ ಇಲ್ವಲ್ಲ.

ಆರ್ಡಿಸ್: ಇವರು ಅವರ ತಂಗಿ ಇರಬಹುದು ಕಣೇ ಮಾರ್ಲಿಸ್. ಮುಖ ಸ್ವಲ್ಪ ಹೋಲುತ್ತೆ.

ಥೋರಾ: ಸ್ವಲ್ಪ ಅಲ್ಲ, ಪೂರ್ತಿ ಹೋಲುತ್ತೆ. ಒಳಗೆ ಬಂದು ಬಾಗಿಲು ಹಾಕಿ. ಸತ್ತೋಳಿಗೂ ಚಳಿಯಾಗುತ್ತೆ.

ಇಬ್ಬರೂ ಬೂಟು ಕಳಚಿ ಉಣ್ಣೆಯ ಕಾಲುಚೀಲದಲ್ಲಿ ಒಳಬಂದರು. ಮಾರ್ಲಿಸ್ ಗುಂಡಗಿದ್ದಳು, ಕೆನ್ನೆ ಕೆಂಪಾಗಿತ್ತು. ಪಾತ್ರೆಯನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಅವುಚಿಕೊಂಡೇ ನಿಂತಳು. ಆರ್ಡಿಸ್ ತೆಳ್ಳಗೆ, ನೆಟ್ಟಗೆ, ಹೊಲಿಗೆ ಸೂಜಿಯ ಹಾಗೆ. ಅವಳು ಕಾರ್ಡನ್ನು ಮೆಲ್ಲನೆ ಕೋಟಿನ ಜೇಬಿಗೆ ಸೇರಿಸಿದಳು.

ಥೋರಾ: ಯಾರು ಹೇಳಿದ್ದು, ನಾನು ಸತ್ತೆ ಅಂತ?

ಮಾರ್ಲಿಸ್: ಯಾರೂ ಹೇಳ್ಲಿಲ್ಲ. ನಾವೇ ತಿಳ್ಕೊಂಡ್ವಿ. ಮೂರು ವರ್ಷದಿಂದ ನೀವು ಚರ್ಚಿನ ಲುಟೆಫಿಸ್ಕ್ ಊಟಕ್ಕೆ ಬಂದಿಲ್ಲ. ಬದುಕಿರೋರು ಯಾರಾದ್ರೂ ಅದನ್ನ ತಪ್ಪಿಸ್ಕೋತಾರಾ?

ಥೋರಾ: ತಿಂದು ನೋಡಿದೋರು ತಪ್ಪಿಸ್ಕೋತಾರೆ. ಸುಣ್ಣದಂಥ ಕ್ಷಾರದ ನೀರಲ್ಲಿ ವಾರಗಟ್ಲೆ ನೆನೆಹಾಕಿದ ಮೀನು. ಲೊಳಲೊಳ ಅಂತಿರುತ್ತೆ. ಹಲ್ಲಿಗೂ ಬೇಡ, ನಾಲಿಗೆಗೂ ಬೇಡ.

ಆರ್ಡಿಸ್: ಹಾಗೆಲ್ಲ ಅನ್ಬಾರದು. ಪಾದ್ರಿಗಳೇ ಎರಡು ಸಲ ಹಾಕಿಸ್ಕೋತಾರೆ.

ಥೋರಾ: ಅವರಿಗೆ ಸ್ವರ್ಗ ಖಾತ್ರಿಯಾಗಿದೆ ಕಣಮ್ಮ. ಅದ್ಸರಿ, ಈ ಪಾತ್ರೆ?

ಮಾರ್ಲಿಸ್: ಹಾಟ್‌ಡಿಶ್ಶು. ಮಾಂಸ, ಬೀನ್ಸು, ಮೇಲೆ ಆಲೂಗಡ್ಡೆ. ಸಾವಿನ ಮನೆಗೆ ತರೋದು. ನೀವು ಹೋಗಿ ಇಷ್ಟು ದಿನ ಆದ್ರೂ ಊರಿನ ಒಬ್ಬಳೂ ತಂದಿಲ್ಲವಲ್ಲ ಅಂತ ನಾಚಿಕೆಯಾಯ್ತು. ಚಿಮಣಿಯಲ್ಲಿ ಹೊಗೆ ಕಾಣ್ತು. ನಿಮ್ಮ ಅಣ್ಣನ ಮಗನೋ ಯಾರೋ ಇರಬಹುದು ಅಂದ್ಕೊಂಡ್ವಿ.

ಥೋರಾ: ಅಲ್ಲಿ ಮೇಜಿನ ಮೇಲಿಡು.

ಆರ್ಡಿಸ್: ಇಡ್ಬೇಡ್ವೇ! ಸತ್ತೋರ ಮನೆಗೆ ಅಂತ ಮಾಡಿದ್ದನ್ನ ಬದುಕಿರೋರಿಗೆ ಕೊಡೋದಾ?

ಥೋರಾ: ಮತ್ತಿನ್ನಾರು ತಿನ್ನೋದು, ಸತ್ತೋರಾ?

ಮಾರ್ಲಿಸ್ ಪಾತ್ರೆ ಇಟ್ಟಳು. ಅದರ ತಳದಲ್ಲಿ ಅವಳ ಹೆಸರು ಬರೆದ ಪಟ್ಟಿ ಅಂಟಿಸಿತ್ತು. ಈ ಊರಿನಲ್ಲಿ ದುಃಖ ಮುಗಿದ ಮೇಲೆ ಪಾತ್ರೆ ವಾಪಸಾಗಲೇಬೇಕು. ಥೋರಾ ಕಾಫಿ ಕುಡಿಯುತ್ತೀರಾ ಎಂದಳು. ಬೇಡ ಎಂದರು. ಮತ್ತೆ ಕೇಳಿದಳು. ಯಾಕೆ ಸುಮ್ಮನೆ ತೊಂದರೆ ಎಂದರು. ಮೂರನೆಯ ಸಲ ಕೇಳಿದಾಗ, ಮಾಡಿದ್ದರೆ ಅರ್ಧ ಕಪ್ಪು ಎಂದರು. ಇಲ್ಲಿ ಯಾವುದನ್ನಾದರೂ ಮೂರನೆಯ ಸಲಕ್ಕೇ ಒಪ್ಪಬೇಕು. ಮೊದಲೇ ಒಪ್ಪಿದವರನ್ನು ಹೊರಗಿನವರೆಂದು ತಿಳಿಯುತ್ತಾರೆ.

ಥೋರಾ: ಈಗ ಹೇಳಿ. ಇಷ್ಟು ವರ್ಷ ಬದುಕಿದ್ದಾಗ ತಿರುಗಿಯೂ ನೋಡದೋರು, ಸತ್ತ ಮೇಲೆ ಯಾಕೆ ಬಂದ್ರಿ?

ಮಾರ್ಲಿಸ್: ನಮ್ಮದು ಮಂಗಳವಾರದ ಓದಿನ ಬಳಗ. ನಮ್ಮಜ್ಜಿಯರ ಕಾಲದ್ದು. ಪ್ರತಿ ಚಳಿಗಾಲ ಒಬ್ಬ ಹೆಂಗಸಿನ ಬಾಳನ್ನೂ ಬರಹವನ್ನೂ ತಗೊಂಡು ಓದ್ತೀವಿ. ಲೇಖಕಿ, ಚಿಂತಕಿ, ಯಾರಾದ್ರೂ ಸರಿ. ಒಬ್ಬಳು ಪ್ರಬಂಧ ಓದ್ತಾಳೆ, ಮಿಕ್ಕೋರು ಜಗಳ ಆಡ್ತೀವಿ, ಆಮೇಲೆ ಕಾಫಿ. ಈ ಸಲ... ನೀವು. ಪ್ರಬಂಧ ನಂದು.

ಥೋರಾಳ ಕೈಯಲ್ಲಿದ್ದ ಕಾಫಿಯ ಜಗ್ಗು ಗಾಳಿಯಲ್ಲೇ ನಿಂತಿತು. ಅವಳು ಬರೆದದ್ದು ಒಂದೇ ಪುಸ್ತಕ, 'ಒಲೆಗೆ ಬೆನ್ನು ಮಾಡಿ'. ಯಾರಿಗೂ ಏನೂ ಬೇಯಿಸದೆ, ಒಲೆಗೆ ಬೆನ್ನು ಕಾಯಿಸಿಕೊಂಡು ಸುಮ್ಮನೆ ಕೂತ ಹೆಂಗಸಿನ ತಲೆಯಲ್ಲಿ ಏನೇನು ಹುಟ್ಟುತ್ತದೆ ಎನ್ನುವ ಚಿಂತನೆ. ಅಚ್ಚು ಹಾಕಿದವರು ಮಾರಾಟವಾಗದ ಪ್ರತಿಗಳನ್ನು ರದ್ದಿಗೆ ಹಾಕಿ, ಹಾಗೆ ಹಾಕಿದ್ದೇವೆಂದು ವಿನಯದಿಂದ ತಿಳಿಸಿದ್ದರು. ಅಂದಿನಿಂದ ಅದರ ಬಗ್ಗೆ ಒಂದು ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಥೋರಾ: ಎಷ್ಟು ಜನ ಓದ್ತಿದ್ದೀರಿ?

ಮಾರ್ಲಿಸ್: ಎಲ್ಲರೂ. ಗ್ರಂಥಾಲಯದಲ್ಲಿದ್ದ ಒಂದೇ ಪ್ರತೀನ ಕೈಯಿಂದ ಕೈಗೆ ದಾಟಿಸಿ ಬೆನ್ನೇ ಕಿತ್ತುಹೋಯ್ತು. ಪುಸ್ತಕದ್ದು.

ಆರ್ಡಿಸ್: ಇನ್ನು ಓದೋದಿಲ್ಲ. ಕ್ಷಮಿಸ್ಬೇಕು ಮಿಸ್ ಥೋರಾ, ನಾನು ಕಾರ್ಯದರ್ಶಿ. ಬಳಗದ ನಿಯಮ ಇದೆ. ಸತ್ತೋರನ್ನ ಮಾತ್ರ ಓದ್ತೀವಿ.

ಥೋರಾ: ಬದುಕಿದ್ರೆ ಏನಂತೆ?

ಆರ್ಡಿಸ್: ಅಜ್ಜಿಯರ ಕಾಲದಲ್ಲಿ ಒಂದ್ಸಲ ಬದುಕಿದ್ದ ಕವಯಿತ್ರಿಯನ್ನ ತಗೊಂಡ್ರು. ಆ ಪುಣ್ಯಾತ್ಗಿತ್ತಿ ಸಭೆಗೇ ಬಂದು ಮುಂದಿನ ಸಾಲಲ್ಲಿ ಕೂತು ಪ್ರತಿ ವಾಕ್ಯಕ್ಕೂ 'ಅಲ್ಲ, ಅಲ್ಲ' ಅಂದಳು. ಸಭೆ ಮುಗಿಯೋ ಹೊತ್ತಿಗೆ ಕಾಫಿ ಆರಿಹೋಗಿತ್ತು. ಅವತ್ತೇ ನಿಯಮ ಬರೆದ್ರು.

ಮಾರ್ಲಿಸ್: ಬೇಸಿಗೆ ಕಳೆದಾಗಿಂದ ಬರೀತಿದ್ದೀನಿ ಕಣೇ ಆರ್ಡಿಸ್! ಜೀವಮಾನದಲ್ಲಿ ಮೊದಲ ಪ್ರಬಂಧ. ನನ್ನ ಗಂಡ ತಾನೇ ಅಡುಗೆ ಮಾಡ್ಕೊಂಡು ತೂಕ ಇಳಿಸ್ಕೊಂಡಿದ್ದಾನೆ. ಮಿಸ್ ಥೋರಾ, ಒಂದು ಮಾತು. ತಪ್ಪು ತಿಳೀಬೇಡಿ. ಮಂಗಳವಾರದ ತನಕ ನೀವು... ಸತ್ತೇ ಇರೋಕಾಗುತ್ತಾ?

ಥೋರಾ: ಅಯ್ಯೋ ಬೇಡಮ್ಮ.

ಮಾರ್ಲಿಸ್: ಅಂಗಡಿಗೆ ಹೋಗ್ದೆ, ಕಿಟಕೀಲಿ ನಿಲ್ದೆ, ಸುಮ್ನೆ ಮನೇಲಿ. ನಾಲ್ಕೇ ದಿನ.

ಥೋರಾ: ಸುಮ್ಮನೆ ನಿಮಗ್ಯಾಕೆ ತೊಂದರೆ.

ಮಾರ್ಲಿಸ್: ನನಗೋಸ್ಕರ ಸತ್ತಿರಿ, ದಯವಿಟ್ಟು.

ಥೋರಾ: ಇಷ್ಟು ಬಲವಂತ ಮಾಡ್ತೀಯ, ಸರಿ. ಅರ್ಧ ಸಾಯ್ತೀನಿ.

ಆಗ ರಸ್ತೆಯಲ್ಲಿ ಗರಗರ ಸದ್ದಾಯಿತು. ವೆಂಡೆಲನ ಹಿಮ ಬಾಚುವ ಲಾರಿ ದಡದ ಕಡೆಗೆ ಬರುತ್ತಿತ್ತು.

ಆರ್ಡಿಸ್: ವೆಂಡೆಲ್! ಅವನ ಹೆಂಡತೀನೇ ನಮ್ಮ ಅಧ್ಯಕ್ಷೆ. ಬಗ್ಗಿ, ಬಗ್ಗಿ!

ನಿಯಮದ ಹೆಂಗಸೇ ಥೋರಾಳ ಹೆಗಲು ಹಿಡಿದು ಮೇಜಿನ ಕೆಳಗೆ ತಳ್ಳಿದ್ದನ್ನು ಕಂಡು ಮಾರ್ಲಿಸಳ ಬಾಯಿ ತೆರೆದಂತೆಯೇ ಉಳಿಯಿತು. ಮೂವರೂ ಕುಕ್ಕರಗಾಲಲ್ಲಿ ಕೂತರು. ಲಾರಿ ಕಿಟಕಿಯನ್ನು ನಡುಗಿಸಿ ಮುಂದೆ ಹೋಯಿತು.

ಥೋರಾ: (ಮೇಜಿನ ಕೆಳಗಿಂದಲೇ) ಏನಮ್ಮ ಕಾರ್ಯದರ್ಶಿ, ನೀನೂ ಸೇರಿಕೊಂಡೆಯಾ?

ಆರ್ಡಿಸ್: (ತಡೆದು) ಆ ಪುಸ್ತಕ ಓದಿದ ಮೇಲೆ ಒಂದಿನ ಮಧ್ಯಾಹ್ನ ಒಲೆ ಆರಿಸದೆ, ಅದಕ್ಕೆ ಬೆನ್ನು ಮಾಡಿ ಕೂತೆ. ಏನೂ ಮಾಡ್ಲಿಲ್ಲ. ನಮ್ಮನೆಯವರು ಬಂದು, ಹುಷಾರಿಲ್ವಾ, ಡಾಕ್ಟರಿಗೆ ಹೇಳ್ಲಾ ಅಂದ್ರು. ಯೋಚ್ನೆ ಮಾಡ್ತಿದ್ದೀನಿ ಅಂದೆ. ಪಾಪ, ಅವರು ಗಾಬರಿಯಾಗಿ ಪಾತ್ರೆ ತೊಳೆದ್ರು.

ದೂರದಲ್ಲಿ ಹೆಪ್ಪು ಇನ್ನೊಮ್ಮೆ ಗುಡುಗಿತು. ಥೋರಾ ಮೇಜಿನ ಕಾಲನ್ನು ಹಿಡಿದು ಎದ್ದಳು. ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆಯಬೇಕಾಗಿದ್ದರಿಂದ ಒರೆಸಿಕೊಳ್ಳಲಿಲ್ಲ.

ಥೋರಾ: ಪೂರ್ತಿ ಸಾಯ್ತೀನಿ. ಪ್ರಬಂಧ ಓದು, ಕೇಳೋಣ.

ಆರ್ಡಿಸ್: ಅದಾಗಲ್ಲ. 'ಅಲ್ಲ, ಅಲ್ಲ' ಅಂತೀರಿ.

ಥೋರಾ: ಹೆಣ 'ಅಲ್ಲ' ಅನ್ನುತ್ತಾ? ಓದೇ.

ಮಾರ್ಲಿಸ್: (ಜೇಬಿನಿಂದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು) 'ಥೋರಾ ಲಿಂಡ್ವಿಕ್‌ಳ ಬಾಳು ದುಃಖದ ಬಾಳು. ಕೊನೆಗೆ ನ್ಯುಮೋನಿಯಾದಿಂದ...'

ಥೋರಾ: ಥೂ, ಹಾಸಿಗೇಲಿ ಬಿದ್ದು ಯಾಕೆ? ಹೆಪ್ಪಿನ ಮೇಲೆ ಜಾರಾಟ ಆಡ್ತಾ ಹೋದಳು ಅಂತ ಬರಿ.

ಮಾರ್ಲಿಸ್: ಯಾರು ನಂಬ್ತಾರೆ?

ಥೋರಾ: ನಾನು ಸತ್ತಿದ್ದನ್ನೇ ನಂಬಿದ್ರಲ್ಲ. ಮುಂದೆ?

ಮಾರ್ಲಿಸ್: 'ಅವಳ ಪ್ರಿಯಕರ ಅವಳನ್ನು ತೊರೆದು ಹೋದನು. ಅವಳೇ ಬರೆಯುತ್ತಾಳೆ, ಅವನು ಬಾಗಿಲು ಮುಚ್ಚಿ ಹೋದ ಆ ರಾತ್ರಿ ಮನೆಯೆಲ್ಲ ತಣ್ಣಗಾಯಿತು ಎಂದು.'

ಥೋರಾ: ಅವನು ಒಲೆ ರಿಪೇರಿಯವನು ಕಣೇ! ಕೊಳವೆ ಸರಿಯಾಗಿ ಕೂರಿಸ್ದೆ ಹೋದ. ಬೆಳಗಾಗೋವರೆಗೆ ಹಲ್ಲು ಕಟಕಟ.

ಆರ್ಡಿಸ್: ನೋಡಿ, ಶುರುವಾಯ್ತು.

ಮಾರ್ಲಿಸ್: ಆ ಸಾಲಿಗೆ ನಾನು ಎರಡು ದಿನ ಅತ್ತಿದ್ದೀನಲ್ರೀ!

ಥೋರಾ: (ನಿಟ್ಟುಸಿರಿಟ್ಟು) ಹಾಗಿದ್ರೆ ಪ್ರಿಯಕರ ಅಂತಲೇ ಇರ್ಲಿ. ನಿನ್ನ ಕಣ್ಣೀರು ಯಾಕೆ ದಂಡ ಆಗ್ಬೇಕು? ಆದ್ರೆ ಅವನಿಗೆ ಒಳ್ಳೆ ಮೀಸೆ ಇಡು.

ಆರ್ಡಿಸ್: ನಿಜ ಹೇಳ್ಲಾ ಮಿಸ್ ಥೋರಾ? ಸತ್ತಿರೋದೇ ನಿಮಗೆ ಒಳ್ಳೇದು. ನೀವು ಬಂದು ಎದುರಿಗೆ ಕೂತ್ರೆ ಎಲ್ಲರೂ, ತುಂಬಾ ಚೆನ್ನಾಗಿದೆ, ಮೊಣಕಾಲು ಹೇಗಿದೆ ಅಂತಾರೆ, ಅಷ್ಟೇ. ಬದುಕಿರೋರ ಜೊತೆ ನಮ್ಮೂರಲ್ಲಿ ಯಾರು ಜಗಳ ಆಡ್ತಾರೆ? ಸತ್ತೋರ ಜೊತೆಗಾದ್ರೆ ಮನಸ್ಸು ಬಿಚ್ಚಿ ಆಡ್ತೀವಿ.

ಥೋರಾಗೆ ಅದು ನಿಜವೆನ್ನಿಸಿತು. ತನ್ನ ಒಂದು ಸಾಲಿಗಾಗಿ ಒಂದು ಕೋಣೆ ತುಂಬ ಹೆಂಗಸರು ಮುಖ ಕೆಂಪಗೆ ಮಾಡಿಕೊಂಡು ವಾದಿಸುವುದನ್ನು ಅವಳು ನೆನೆದಳು. ಅದಕ್ಕಾಗಿ ನಾಲ್ಕು ದಿನ ಪರದೆ ಎಳೆದುಕೊಂಡು ಕೂರುವುದು ಯಾವ ಮಹಾ? ಹಾಟ್‌ಡಿಶ್ಶೂ ಇತ್ತು.

ಥೋರಾ: ಆಯ್ತು. ಹೋಗಿ ಬನ್ನಿ. ಉಸಿರೂ ಬಿಡಲ್ಲ.

ಮಾರ್ಲಿಸ್ ಅವಳನ್ನು ತಬ್ಬಿಕೊಂಡು ಕೆನ್ನೆ ಒತ್ತಿದಳು. ಆರ್ಡಿಸ್ ಕೈ ಕುಲುಕಿದಳು. ಬೂಟು ಹಾಕಿ, ಟೋಪಿ ಕಟ್ಟಿ, ಹೊಸ್ತಿಲಲ್ಲಿ ಇನ್ನಷ್ಟು ಮಾತಾಡಿ, ಮೆಟ್ಟಿಲಲ್ಲಿ ಇನ್ನಷ್ಟು ಮಾತಾಡಿ, ಕಾರಿನ ಹತ್ತಿರ ಹೋದರು. ಬೀಳ್ಕೊಡುವುದೂ ಇಲ್ಲಿ ಮೂರು ಕಂತಿನದು. ಥೋರಾ ಬಾಗಿಲನ್ನು ಬೆರಳಷ್ಟು ತೆರೆದು ನಿಂತಿದ್ದಳು.

ಮಾರ್ಲಿಸ್: (ಕಾರಿನ ಬಳಿ, ಸಮಾಧಾನದಿಂದ) ಪುಣ್ಯ, ಒಪ್ಪಿದ್ರು. ಪ್ರಬಂಧ ಉದ್ದ ಆಯ್ತೇನೋ ಅಂತಷ್ಟೇ ಈಗ ಯೋಚ್ನೆ.

ಆರ್ಡಿಸ್: ಮೂರನೇ ಅಧ್ಯಾಯ ಬಿಟ್ಬಿಡು. ಅಧ್ಯಕ್ಷೇನೂ ಅದನ್ನೇ ಹೇಳಿದ್ದು. ಅದು ಬರೀ ಗೊಣಗಾಟ, ಇಲ್ಲದಿದ್ರೂ ನಡೆಯುತ್ತೆ ಅಂತ.

ಬಾಗಿಲು ಧಡಾರನೆ ತೆರೆಯಿತು.

ಥೋರಾ: ಏನಂದೆ? ಏನು ಬಿಟ್ಬಿಡೋದು?

ಮಾರ್ಲಿಸ್: ಮಿಸ್ ಥೋರಾ, ಒಳಗೆ! ಒಳಗೆ ಹೋಗ್ರೀ!

ಥೋರಾ: ಒಲೆ ರಿಪೇರಿಯವನನ್ನ ಪ್ರಿಯಕರ ಮಾಡಿದ್ರಿ, ಸುಮ್ನಿದ್ದೆ. ನ್ಯುಮೋನಿಯಾ ಕೊಟ್ರಿ, ತಗೊಂಡೆ. ಮೂರನೇ ಅಧ್ಯಾಯ ಗೊಣಗಾಟವಾ? ಇರು, ಬೂಟು ಹಾಕ್ಕೊಂಡು ಬಂದೆ.

ಆರ್ಡಿಸ್: ನೀವು ಮಾತು ಕೊಟ್ಟಿದ್ದೀರಿ!

ಥೋರಾ: ಕೊಟ್ಟಿದ್ದು ನಾನು. ಆ ಅಧ್ಯಾಯ ಮಾತು ಕೊಟ್ಟಿಲ್ಲ.

ಅವಳು ಕೋಟಿನ ಒಂದೇ ತೋಳು ತೂರಿಸಿಕೊಂಡು ಮೆಟ್ಟಿಲಿಳಿದಳು. ಆಗಲೇ ಗರಗರ ಸದ್ದು ತಿರುಗಿ ಬಂದಿತು. ವೆಂಡೆಲ್ ಲಾರಿ ನಿಲ್ಲಿಸಿ, ಕಿಟಕಿ ಇಳಿಸಿ, ಸತ್ತ ಹೆಂಗಸು ತೋರುಬೆರಳು ಆಡಿಸುತ್ತ ಹಿಮದಲ್ಲಿ ನಡೆದು ಬರುವುದನ್ನು ನೋಡಿದ. ನಿಧಾನವಾಗಿ ಟೋಪಿ ತೆಗೆದು ಎದೆಗಿಟ್ಟುಕೊಂಡ. ಅವಳು ಹತ್ತಿರ ಬಂದಾಗ ಏನು ಮಾಡಬೇಕೆಂದು ತೋಚದೆ ಮತ್ತೆ ತಲೆಗೆ ಹಾಕಿಕೊಂಡ.

ಮಾರ್ಲಿಸ್: ಹೋಯ್ತು. ನನ್ನ ಪ್ರಬಂಧ ಹೋಯ್ತು.

ಥೋರಾ: ಎಲ್ಲೂ ಹೋಗಲ್ಲ ಬಾರೇ, ದಾರೀಲಿ ತಿದ್ದೋಣ. ವೆಂಡೆಲ್, ನಿನ್ನ ಹೆಂಡತಿ ಮನೇಲಿದ್ದಾಳಾ?

ವೆಂಡೆಲ್: ಇ... ಇದ್ದಾಳೆ.

ಥೋರಾ: ಕಾಫಿಗೆ ಇಡೋಕೆ ಹೇಳು. ಮೊದಲ ಸಲಕ್ಕೇ ಹೂಂ ಅಂತೀನಿ.

ಆರ್ಡಿಸ್: ಮಿಸ್ ಥೋರಾ, ಇನ್ನು ನಾಲ್ಕೇ ದಿನ ಸುಮ್ನಿದ್ದಿದ್ರೆ...

ಥೋರಾ: ಅದೇ ಕಣಮ್ಮ ಮೂರನೇ ಅಧ್ಯಾಯ! ಅಷ್ಟು ಓದಿ ಅದೇ ತಿಳೀಲಿಲ್ವಾ? ಒಬ್ಬ ಹೆಂಗಸಿಗೆ ನಾಲ್ಕು ಜನ ಬಂದು, ಎಲ್ಲರಿಗೂ ಅನುಕೂಲ ಆಗುತ್ತೆ, ನೀನು ಸ್ವಲ್ಪ ದಿನ ಇಲ್ಲದ ಹಾಗೆ ಇರು ಅಂತ ಮೂರು ಸಲ ಕೇಳಿದಾಗ, ಅವಳು ಮೊದಲು ಮಾಡಬೇಕಾದ ಕೆಲಸ ಏನಪ್ಪಾ ಅಂದ್ರೆ...

ಎನ್ನುತ್ತ, ಅವರು ಬರುತ್ತಾರೋ ಇಲ್ಲವೋ ಎಂದು ತಿರುಗಿಯೂ ನೋಡದೆ, ಥೋರಾ ಈಗಷ್ಟೇ ಬಾಚಿದ ರಸ್ತೆಯ ನಟ್ಟನಡುವೆ ಊರಿನ ಕಡೆಗೆ ನಡೆದೇಬಿಟ್ಟಳು.